ಆರನೇ ಪಂದ್ಯವನ್ನು ಸ್ವಲ್ಪ ಪಕ್ಕಕ್ಕಿಡಿ: ಸ್ಯಾಕ್ರಮೆಂಟೊ ಕಿಂಗ್ಸ್ ಅಭಿಮಾನಿಗಳಿಗೊಂದು ಬಹಿರಂಗ ಪತ್ರ

ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಅಭಿಮಾನಿ ಬಳಗಕ್ಕೆ, ಅದರಲ್ಲೂ ಫೋಲ್ಸಮ್, ರೋಸ್‌ವಿಲ್, ಎಲ್ಕ್ ಗ್ರೋವ್ ಕಡೆ ನೆಲೆಸಿರುವ ನಮ್ಮ ಕನ್ನಡದವರಿಗೆ,



ನಮ್ಮವರು ನಾಲ್ಕು ಜನ ಸೇರಿ ಬ್ಯಾಸ್ಕೆಟ್‌ಬಾಲ್ ಮಾತು ತೆಗೆದರೆ ಅದು ಎಲ್ಲಿಂದಲೇ ಹೊರಡಲಿ, 2002ಕ್ಕೆ ಹೋಗಿ ನಿಲ್ಲುತ್ತದೆ. ಆ ವರ್ಷ ಇಲ್ಲಿದ್ದವರ ಮಾತು ಬಿಡಿ. ಆಗಿನ್ನೂ ಹಾಸನದಲ್ಲೋ ದಾವಣಗೆರೆಯಲ್ಲೋ ಸೆಮಿಸ್ಟರ್ ಪರೀಕ್ಷೆಗೆ ಓದುತ್ತಿದ್ದವರು ಕೂಡ ಲೇಕರ್ಸ್ ವಿರುದ್ಧದ ಪ್ಲೇಆಫ್ ಸರಣಿಯ ಆರನೇ ಪಂದ್ಯವನ್ನು ಕಣ್ಣಾರೆ ಕಂಡವರ ಹಾಗೆ ವರ್ಣಿಸುತ್ತಾರೆ. ಪಕ್ಕದಲ್ಲಿ ಕೂತ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತವೆ. ಕಿಂಗ್ಸ್ ಚರಿತ್ರೆ ಎಂದರೆ ಅವಕ್ಕೆ ಗೊತ್ತಿರುವುದು ಇಷ್ಟೇ: ನಮಗೆ ಕಪ್ ಬರಬೇಕಿತ್ತು, ರೆಫರಿಗಳು ಕಿತ್ತುಕೊಂಡರು.

ಈಗ 2023ರ ಸರಣಿಯನ್ನೂ ನೀವು ಅದೇ ದಾರಿಗೆ ಹಚ್ಚುತ್ತಿದ್ದೀರಿ. ವಾರಿಯರ್ಸ್ ಎದುರು ಯಾಕೆ ಸೋತೆವು ಎಂದು ಹುಡುಗರು ಕೇಳಿದರೆ ಅವರ ಆಟಗಾರ ಡ್ರೇಮಂಡ್ ಗ್ರೀನ್ ನಮ್ಮ ಸಬೋನಿಸ್‌ನ ಎದೆ ತುಳಿದ ಕತೆಯೇ ಮೊದಲು ಬರುತ್ತದೆ. ಅದಕ್ಕೇ ಈ ಪತ್ರ.

2002ರ ದೂರು ಸುಳ್ಳೆಂದು ನಾನು ಹೇಳುವುದಿಲ್ಲ. ಮೇ 31ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಲೇಕರ್ಸ್‌ಗೆ ಒಟ್ಟು 40 ಫ್ರೀ ಥ್ರೋ ಸಿಕ್ಕವು. ಅದರಲ್ಲಿ 27 ಬಂದದ್ದು ಕೊನೆಯ ಹನ್ನೆರಡು ನಿಮಿಷದಲ್ಲಿ. ಶಾಕಿಲ್ ಓನೀಲ್‌ನನ್ನು ತಡೆಯಬೇಕಿದ್ದ ನಮ್ಮ ವ್ಲಾಡೆ ದಿವಾಚ್, ಸ್ಕಾಟ್ ಪೊಲಾರ್ಡ್ ಇಬ್ಬರೂ ಆರಾರು ಫೌಲ್ ತುಂಬಿ ಹೊರಗೆ ಕೂತರು. ಕೋಬಿ ಬ್ರಯಂಟನ ಮೊಣಕೈ ಬಡಿದು ಮೈಕ್ ಬಿಬಿಯ ಮೂಗಲ್ಲಿ ರಕ್ತ ಬಂತು, ಕೋಬಿಯ ಮೇಲೆ ಫೌಲ್ ಬರಲಿಲ್ಲ. ಕಿಂಗ್ಸ್ ಸೋತದ್ದು 106–102ರಿಂದ. ಗ್ರಾಹಕರ ಪರ ಹೋರಾಟಕ್ಕೆ ಹೆಸರಾದ ರಾಲ್ಫ್ ನೇಡರ್ ಎನ್‌ಬಿಎ ಕಮಿಷನರ್ ಡೇವಿಡ್ ಸ್ಟರ್ನ್‌ಗೆ ಪತ್ರ ಬರೆದು ತನಿಖೆ ಆಗಲಿ ಎಂದರು. ಬೆಟ್ಟಿಂಗ್ ಪ್ರಕರಣದಲ್ಲಿ ಸಿಕ್ಕಿಬಿದ್ದ ರೆಫರಿ ಟಿಮ್ ಡಾನಗಿ 2008ರಲ್ಲಿ ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಈ ಪಂದ್ಯಕ್ಕೇ ಹೊಂದುವ ವಿವರಗಳಿದ್ದವು. ಲೀಗ್ ಅದನ್ನು ತಳ್ಳಿಹಾಕಿತು. ಆ ದಿನದ ಮೂವರು ರೆಫರಿಗಳಲ್ಲಿ ಡಾನಗಿ ಇರಲೂ ಇಲ್ಲ. ಇದೆಲ್ಲ ನಿಮಗೆ ಬಾಯಿಪಾಠ.

ದೂರುವುದೇ ಆದರೆ ನಾಲ್ಕನೇ ಪಂದ್ಯವನ್ನು ದೂರಿ ಎನ್ನುತ್ತೇನೆ ನಾನು. ಕಿಂಗ್ಸ್ 24 ಅಂಕ ಮುಂದಿದ್ದ ಪಂದ್ಯ ಅದು. ಮೊದಲರ್ಧ ಮುಗಿಯುವ ಹೊತ್ತಿಗೆ ಸಮಾಕಿ ವಾಕರ್ ಎಂಬ ಲೇಕರ್ಸ್ ಆಟಗಾರ ಅರ್ಧ ಅಂಗಳದ ಹತ್ತಿರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಬಝರ್ ಕೂಗಿದಾಗ ಚೆಂಡು ಇನ್ನೂ ಅವನ ಕೈಯಲ್ಲೇ ಇತ್ತೆಂದು ಟೀವಿ ರೀಪ್ಲೇಯಲ್ಲಿ ಎಲ್ಲರಿಗೂ ಕಂಡಿತು. ಆದರೆ ಆಗ ರೆಫರಿಗಳು ರೀಪ್ಲೇ ನೋಡುವ ಪದ್ಧತಿಯೇ ಇರಲಿಲ್ಲ, ಮೂರು ಅಂಕ ಲೆಕ್ಕಕ್ಕೆ ಹೋಯಿತು. ಕೊನೆಯ ಗಳಿಗೆಯಲ್ಲಿ ಕೋಬಿ ಎಸೆದ, ತಪ್ಪಿತು. ಶಾಕ್ ಎಸೆದ, ತಪ್ಪಿತು. ಅಪಾಯ ದೂರವಾಗಲೆಂದು ದಿವಾಚ್ ಚೆಂಡನ್ನು ಹೊರಕ್ಕೆ ತಟ್ಟಿದರೆ ಅದು ನೇರ ಹೋಗಿ ಲೇಕರ್ಸ್‌ನ ರಾಬರ್ಟ್ ಹಾರಿಯ ಕೈಗೆ ಬಿತ್ತು. ಮುಂದಿನದು ನಿಮಗೆ ಗೊತ್ತು. 100–99. ಒಂದು ಅಂಕದ ಸೋಲು, ಮೂರು ಅಂಕದ ತಪ್ಪು. ಮುಂದಿನ ಸೀಸನ್ನಿನಿಂದಲೇ ಎನ್‌ಬಿಎ ಇಂಥ ಎಸೆತಗಳಿಗೆ ರೀಪ್ಲೇ ತಂದಿತು. ನಮ್ಮ ತಂಡದ ಖರ್ಚಿನಲ್ಲಿ ಇಡೀ ಲೀಗ್ ಕಲಿತ ಪಾಠ ಅದು. ವಿಚಿತ್ರವೆಂದರೆ ನಮ್ಮವರ ಬಾಯಲ್ಲಿ ವಾಕರ್ ಹೆಸರು ಕೇಳಿದ್ದೇ ಕಡಿಮೆ.

ಅದಕ್ಕಿಂತ ಕಡಿಮೆ ಕೇಳುವುದು ಏಳನೇ ಪಂದ್ಯದ ಮಾತು. ಆರನೆಯದನ್ನು ಕಳಕೊಂಡರೂ ಸರಣಿ 3–3ರಲ್ಲಿತ್ತು. ಜೂನ್ 2ರಂದು ಆರ್ಕೊ ಅರೀನಾದಲ್ಲಿ, ನಮ್ಮದೇ ಅಂಗಳದಲ್ಲಿ, ಹಸುವಿನ ಗಂಟೆ ಬಾರಿಸುವ ನಮ್ಮದೇ ಜನರ ನಡುವೆ ಕೊನೆಯ ಪಂದ್ಯ. (ಲೇಕರ್ಸ್ ಕೋಚ್ ಫಿಲ್ ಜಾಕ್ಸನ್ ಈ ಊರನ್ನು ದನದ ಊರು ಎಂದು ಹಂಗಿಸಿದ ಮೇಲೆ ಜನ ನಿಜಕ್ಕೂ ಗಂಟೆ ಕೊಂಡು ತಂದರಲ್ಲ, ಆ ಗಂಟೆಗಳು.) ಫ್ರೀ ಥ್ರೋ ಎಂದರೇನು? ಹದಿನೈದು ಅಡಿ ದೂರ. ಎದುರಿಗೆ ಯಾರೂ ಕೈ ಎತ್ತುವಂತಿಲ್ಲ. ರೆಫರಿಯೇ ಚೆಂಡು ತಂದು ಕೈಗೆ ಕೊಡುತ್ತಾನೆ, ಆಟಗಾರ ಎರಡು ಸಲ ಪುಟಿಸಿ, ಉಸಿರು ಬಿಟ್ಟು, ಎಸೆಯಬೇಕು ಅಷ್ಟೇ. ಅಂಥ 30 ಅವಕಾಶದಲ್ಲಿ ಕಿಂಗ್ಸ್ ಹಾಕಿದ್ದು 16. ದೂರದಿಂದ ಎಸೆದ ಮೂರು ಅಂಕದ ಚೆಂಡುಗಳು 20, ಬಿದ್ದದ್ದು 2. ನಾಲ್ಕನೇ ಕ್ವಾರ್ಟರಿನ ಕೊನೆಗೆ ಪೇಜಾ ಸ್ಟೊಯಾಕೊವಿಚ್ ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ. ಚೆಂಡು ಅವನ ಕೈಗೇ ಬಂತು. ಅವನಂಥ ಗುರಿಕಾರ ಆ ಕಾಲದಲ್ಲಿ ಇನ್ನೊಬ್ಬನಿದ್ದನೋ ಇಲ್ಲವೋ. ಎಸೆದ ಚೆಂಡು ರಿಂಗನ್ನೂ ಮುಟ್ಟಲಿಲ್ಲ. ಕಾಲಿನ ಪೆಟ್ಟಿನಿಂದ ಸರಣಿಯ ಮೊದಲ ನಾಲ್ಕು ಪಂದ್ಯ ಆಡಿರಲಿಲ್ಲ ಎಂಬ ಸಮಾಧಾನ ಹೇಳಬಹುದು, ನಿಜವೇ. ಪಂದ್ಯ ಓವರ್‌ಟೈಮಿಗೆ ಹೋಗಿ 112–106ಕ್ಕೆ ಮುಗಿಯಿತು. ತಪ್ಪಿಸಿದ ಹದಿನಾಲ್ಕು ಫ್ರೀ ಥ್ರೋಗಳಲ್ಲಿ ಅರ್ಧದಷ್ಟನ್ನು, ಅಂದರೆ ಏಳನ್ನು, ಹಾಕಿದ್ದರೆ ಓವರ್‌ಟೈಮೇ ಬೇಕಿರಲಿಲ್ಲ.

ಆರನೆಯದರಲ್ಲಿ ಅನ್ಯಾಯವಾಯಿತು, ಏಳನೆಯದನ್ನು ನಾವು ಸೋತೆವು. ಎರಡನ್ನೂ ಒಟ್ಟಿಗೆ ಹೇಳುವವರು ನಮ್ಮಲ್ಲಿ ಯಾಕೆ ಇಲ್ಲ?

ಇನ್ನು 2023. ಹದಿನಾರು ಸೀಸನ್ ಪ್ಲೇಆಫ್ ಮುಖ ಕಾಣದ ತಂಡ. ಎನ್‌ಬಿಎ ಚರಿತ್ರೆಯಲ್ಲೇ ಅಷ್ಟು ಉದ್ದದ ಬರಗಾಲ ಬೇರೆ ಯಾರಿಗೂ ಬಂದಿಲ್ಲ. ಆ ವರ್ಷ 48 ಗೆದ್ದು, 34 ಸೋತು, ಪಶ್ಚಿಮ ವಿಭಾಗದಲ್ಲಿ ಮೂರನೇ ಸ್ಥಾನ. ಗೆದ್ದ ರಾತ್ರಿಗಳಲ್ಲಿ ಅರೀನಾದ ಮೇಲಿಂದ ಆಕಾಶಕ್ಕೆ ನೇರಳೆ ಬೆಳಕು ಬಿಡುವುದು ಶುರುವಾಗಿತ್ತು. ಮೈಕ್ ಬ್ರೌನ್ ವರ್ಷದ ಕೋಚ್ ಆದ, ಮೊದಲ ಸ್ಥಾನದ ಒಂದೇ ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ. ಇದಿರಾದದ್ದು ಹಿಂದಿನ ವರ್ಷದ ಚಾಂಪಿಯನ್ ಗೋಲ್ಡನ್ ಸ್ಟೇಟ್ ವಾರಿಯರ್ಸ್, ಅಂದರೆ ಒಂದೂವರೆ ಗಂಟೆ ದಾರಿಯ ನೆರೆಯವರು. ನಮ್ಮ ಎಷ್ಟೋ ಮನೆಗಳಲ್ಲಿ ಅದು ನೆಂಟರ ನಡುವಿನ ಸರಣಿಯೇ ಆಗಿತ್ತು. ಅಣ್ಣ ಫೋಲ್ಸಮ್‌ನಲ್ಲಿ ನೇರಳೆ ಬಣ್ಣ ಹಾಕಿ ಕೂತರೆ ತಂಗಿ ಕುಪರ್ಟಿನೊದಲ್ಲಿ ನೀಲಿ-ಹಳದಿ.

ಮೊದಲೆರಡು ನಾವೇ ಗೆದ್ದೆವು. ಪ್ಲೇಆಫ್‌ನ ಚೊಚ್ಚಲ ಪಂದ್ಯದಲ್ಲೇ ಡಿಆರನ್ ಫಾಕ್ಸ್ 38 ಹೊಡೆದ, ಮಲಿಕ್ ಮಾಂಕ್ ಬೆಂಚಿನಿಂದ ಎದ್ದು ಬಂದು 32. ಎರಡನೆಯದರಲ್ಲಿ ನೆಲಕ್ಕೆ ಬಿದ್ದ ಸಬೋನಿಸ್ ಗ್ರೀನ್‌ನ ಕಾಲು ಹಿಡಿದ, ಗ್ರೀನ್ ಅವನ ಎದೆ ಮೇಲೆ ಕಾಲಿಟ್ಟು ಹೋದ. ಹೊರಗೆ ಕಳಿಸಿದರು. ಮೂರನೇ ಪಂದ್ಯಕ್ಕೆ ನಿಷೇಧವೂ ಆಯಿತು. ನಿಮ್ಮ ಕತೆ ಇಲ್ಲಿ ನಿಂತುಬಿಡುತ್ತದೆ. ಆ ಮೂರನೇ ಪಂದ್ಯದಲ್ಲಿ, ಗ್ರೀನ್ ಇಲ್ಲದ ವಾರಿಯರ್ಸ್ ಎದುರು, ನಾವು 17 ಅಂಕದಿಂದ ಸೋತೆವು ಎಂಬುದನ್ನು ಯಾರೂ ಹೇಳುವುದಿಲ್ಲ.

ನಾಲ್ಕನೇ ಪಂದ್ಯದ ಕೊನೆಯ ನಿಮಿಷ ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ರುಚಿಕಟ್ಟಾದ ಭಾಗ. ವಾರಿಯರ್ಸ್ 126–121ರಿಂದ ಮುಂದಿದೆ. ಸ್ಟೀಫನ್ ಕರಿ ಸುತ್ತುವರಿದ ಕೈಗಳ ನಡುವೆ ಸಿಕ್ಕಿ ಟೈಮೌಟ್ ಕೇಳಿದ. ಉಳಿದ ಟೈಮೌಟ್ ಒಂದೂ ಇರಲಿಲ್ಲ! ನಾಲ್ಕು ಸಲ ಚಾಂಪಿಯನ್ ಆದವನಿಗೆ ಲೆಕ್ಕ ತಪ್ಪಿತ್ತು. ಟೆಕ್ನಿಕಲ್ ಫೌಲ್, ಮಾಂಕ್ ಫ್ರೀ ಥ್ರೋ ಹಾಕಿದ, ಕೂಡಲೇ ಫಾಕ್ಸ್ ಮೂರು ಅಂಕದ್ದು ಹಾಕಿದ. 126–125. ಆಮೇಲೆ ಕರಿ ಎಸೆದದ್ದೂ ತಪ್ಪಿ ಚೆಂಡು ನಮ್ಮ ಕೈಗೆ ಬಂತು. ಫಾಕ್ಸ್ ಮೇಲೆ ಇಬ್ಬರು ಬಿದ್ದರು, ಅವನು ಹ್ಯಾರಿಸನ್ ಬಾರ್ನ್ಸ್‌ಗೆ ಕೊಟ್ಟ. 2015ರಲ್ಲಿ ವಾರಿಯರ್ಸ್ ಪರವಾಗಿಯೇ ಆಡಿ ಕಪ್ ಎತ್ತಿದ್ದ ಬಾರ್ನ್ಸ್. ಎದುರು ದಾರಿ ಬಿಟ್ಟಿತ್ತು, ಎಸೆದ, ರಿಂಗಿಗೆ ಬಡಿದು ಹೊರಬಿತ್ತು. ಬಿದ್ದಿದ್ದರೆ ಸರಣಿ 3–1. ಆಟ ಹೀಗೇ. ಇದರಲ್ಲಿ ಖಳರಿಲ್ಲ, ಆದ್ದರಿಂದ ನಮ್ಮ ಹರಟೆಯಲ್ಲಿ ಇದಕ್ಕೆ ಜಾಗವೂ ಇಲ್ಲ. ಅದೇ ಪಂದ್ಯದಲ್ಲಿ ಫಾಕ್ಸ್‌ನ ಎಡಗೈ ತೋರುಬೆರಳ ತುದಿ ಮುರಿಯಿತು. ಅವನು ಎಸೆಯುವ ಕೈ ಅದೇ. ಉಳಿದ ಮೂರೂ ಪಂದ್ಯ ಹಾಗೇ ಆಡಿದ.

ಐದನೆಯದು ಮನೆಯಲ್ಲಿ ಹೋಯಿತು. ಆರನೆಯದನ್ನು ಸ್ಯಾನ್ ಫ್ರಾನ್ಸಿಸ್ಕೊಗೇ ಹೋಗಿ 118–99ಕ್ಕೆ ಗೆದ್ದುಬಂದೆವು. ಏಪ್ರಿಲ್ 30ರಂದು ಮತ್ತೆ ನಮ್ಮ ಅಂಗಳದಲ್ಲಿ ಏಳನೇ ಪಂದ್ಯ. ಅರ್ಧ ಹೊತ್ತಿಗೆ 58–56, ಕಿಂಗ್ಸ್ ಮುಂದೆ. ಮೂರನೇ ಕ್ವಾರ್ಟರಿನಲ್ಲಿ ವಾರಿಯರ್ಸ್ 35, ನಾವು 23. ಕೊನೆಗೆ 120–100. ಕರಿ 50 ಅಂಕ ಹೊಡೆದ, ಅಲ್ಲಿಯವರೆಗೆ ಯಾವ ಏಳನೇ ಪಂದ್ಯದಲ್ಲೂ ಯಾರೂ ಅಷ್ಟು ಹೊಡೆದಿರಲಿಲ್ಲ. ಅಂದು ಸಂಜೆ ನಮ್ಮ ಮನೆಯ ಊಟದ ಮೇಜಿನ ಸುತ್ತ ರೆಫರಿ ಪುರಾಣ ಶುರುವಾದಾಗ ಫ್ರೀಮಾಂಟಿನಿಂದ ಬಂದಿದ್ದ ನನ್ನ ಭಾವಮೈದುನ ಸಾರಿಗೆ ಸೌಟು ಹಾಕುತ್ತಲೇ ಅಂದ: “ಭಾವ, ಐವತ್ತು ಹೊಡೆದೋನ ಮುಂದೆ ರೆಫರಿ ಏನ್ ಮಾಡ್ತಾನೆ? ಅದೂ ಬಿಡಿ. ಲೂನಿ ಹೆಸರು ಒಂದ್ಸಲ ಹೇಳಿ ನೋಡೋಣ.”

ಯಾರೂ ಹೇಳಲಿಲ್ಲ. ಹೇಳಬೇಕಿತ್ತು. ಕೆವಾನ್ ಲೂನಿ ಆ ಪಂದ್ಯದಲ್ಲಿ 21 ರೀಬೌಂಡ್ ಹಿಡಿದ. ಅದರಲ್ಲಿ 10 ವಾರಿಯರ್ಸ್‌ನವರೇ ಎಸೆದು ತಪ್ಪಿದ ಚೆಂಡುಗಳು. ಅಂದರೆ ಹತ್ತು ಸಲ ನಾವು ತಡೆದೆವು, ಹತ್ತು ಸಲ ಲೂನಿ ಚೆಂಡು ಹೆಕ್ಕಿ ವಾಪಸ್ ಅವರ ಕೈಗೇ ಕೊಟ್ಟ. ಮೂರನೇ ಪಂದ್ಯದಲ್ಲಿ 20, ಐದರಲ್ಲಿ 22, ಏಳರಲ್ಲಿ 21. ಮೂರನ್ನೂ ವಾರಿಯರ್ಸ್ ಗೆದ್ದಿತು. ನೆನಪಿಡಿ, ಆ ಸೀಸನ್ನಿನಲ್ಲಿ ಇಡೀ ಲೀಗ್‌ನಲ್ಲೇ ಹೆಚ್ಚು ರೀಬೌಂಡ್ ಹಿಡಿದವನು ನಮ್ಮ ಸಬೋನಿಸ್, ಪಂದ್ಯಕ್ಕೆ ಸರಾಸರಿ 12.3. ಆ ಕೆಲಸದಲ್ಲೇ ಸೋತೆವು, ಅದೂ ಪ್ರಚಾರ ಬೇಡದ, ಜೆರ್ಸಿ ಮಾರಾಟವಾಗದ ಒಬ್ಬ ಆಟಗಾರನ ಕೈಯಲ್ಲಿ. ಗ್ರೀನ್‌ನ ಬೂಟಿಗಿಂತ ಇದು ಹೆಚ್ಚು ನೋಯಬೇಕಲ್ಲವೇ?

ಕರಿಯ ವಿಷಯದಲ್ಲಿ ಇನ್ನೊಂದು ಉಂಟು. 2009ರ ಡ್ರಾಫ್ಟ್‌ನಲ್ಲಿ ನಾಲ್ಕನೇ ಸರದಿ ಸ್ಯಾಕ್ರಮೆಂಟೊದ್ದು. ಟೈರೀಕ್ ಎವನ್ಸ್‌ನನ್ನು ತೆಗೆದುಕೊಂಡರು. ಕರಿ ಏಳನೆಯವನಾಗಿ ವಾರಿಯರ್ಸ್‌ಗೆ ಹೋದ. 2018ರಲ್ಲಿ ಎರಡನೇ ಸರದಿಯಲ್ಲಿ ಮಾರ್ವಿನ್ ಬ್ಯಾಗ್ಲಿ ಬಂದ, ಮೂರನೆಯವನಾಗಿ ಹೋದದ್ದು ಲೂಕಾ ಡಾಂಚಿಚ್. ಎವನ್ಸ್ ಮೊದಲ ವರ್ಷವೇ ಅತ್ಯುತ್ತಮ ಹೊಸಬ ಪ್ರಶಸ್ತಿ ಪಡೆದಾಗ ನಾವೇ ಚಪ್ಪಾಳೆ ತಟ್ಟಿದ್ದೆವು, ಆದ್ದರಿಂದ ಆ ಆಯ್ಕೆಯನ್ನು ನಾನು ಪೂರ್ತಿ ಬೈಯಲಾರೆ. ಎರಡನೆಯದನ್ನು ಬೈಯುತ್ತೇನೆ. ಟೈರೀಸ್ ಹ್ಯಾಲಿಬರ್ಟನ್‌ನನ್ನು 2022ರಲ್ಲಿ ಕೊಟ್ಟು ಸಬೋನಿಸ್‌ನನ್ನು ತಂದ ವ್ಯವಹಾರದ ಬಗ್ಗೆ ಮಾತ್ರ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಸಬೋನಿಸ್ ಇಲ್ಲದೆ 2023 ಇಲ್ಲ. ಆದರೆ 2025ರಲ್ಲಿ ಇಂಡಿಯಾನಾವನ್ನು ಫೈನಲ್ಸ್‌ಗೆ ಒಯ್ದವನು ಹ್ಯಾಲಿಬರ್ಟನ್. ಅಂದಹಾಗೆ 2019ರ ಅಕ್ಟೋಬರಿನಲ್ಲಿ ಎನ್‌ಬಿಎ ಮೊದಲ ಸಲ ಭಾರತಕ್ಕೆ ಬಂದು ಮುಂಬೈಯಲ್ಲಿ ಎರಡು ಪಂದ್ಯ ಆಡಿಸಿತಲ್ಲ, ಆಗ ಕಿಂಗ್ಸ್ ಎದುರಾಳಿ ಇದೇ ಇಂಡಿಯಾನಾ ಪೇಸರ್ಸ್, ಆ ತಂಡದಲ್ಲಿದ್ದವನು ಇದೇ ಸಬೋನಿಸ್. ಮುಂಬೈಯಲ್ಲೇ ಹುಟ್ಟಿದ ನಮ್ಮ ಮಾಲೀಕ ವಿವೇಕ್ ರಣದಿವೆ ತಮ್ಮ ತಂಡವನ್ನು ಊರಿಗೆ ಕರೆದೊಯ್ದು ಎರಡನ್ನೂ ಸೋತು ಬಂದರು.

ಇಷ್ಟೂ 2002ರಿಂದ ಈಚಿನದು. ಹಿಂದಿನದು? ಈ ತಂಡದ ಚರಿತ್ರೆ ಸ್ಯಾಕ್ರಮೆಂಟೊದಲ್ಲಿ ಶುರುವಾದದ್ದೇ ಅಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ರಾಯಲ್ಸ್ ಎಂಬ ಹೆಸರಲ್ಲಿ ಆಡುತ್ತಿದ್ದ ತಂಡ ಇದು. 1957ಕ್ಕೆ ಸಿನ್ಸಿನಾಟಿ, 1972ಕ್ಕೆ ಕ್ಯಾನ್ಸಸ್ ಸಿಟಿ ಮತ್ತು ಒಮಾಹ, 1985ಕ್ಕೆ ಇಲ್ಲಿ. ಕ್ಯಾನ್ಸಸ್ ಸಿಟಿಯಲ್ಲಿ ಅದೇ ಹೆಸರಿನ ಬೇಸ್‌ಬಾಲ್ ತಂಡ ಇದ್ದದ್ದರಿಂದ ರಾಯಲ್ಸ್ ಹೋಗಿ ಕಿಂಗ್ಸ್ ಆಯಿತು. ಕಪ್ಪೇ ಇಲ್ಲ ಎಂದು ಕೊರಗುತ್ತೀರಲ್ಲ, ಕಪ್ ಇದೆ. 1951ರ ಫೈನಲ್ಸ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು ಮೊದಲ ಮೂರು ಗೆದ್ದು, ನಂತರದ ಮೂರು ಸೋತು, ಏಳನೆಯದನ್ನು ರೋಚೆಸ್ಟರ್‌ನಲ್ಲಿ 79–75ಕ್ಕೆ ಗೆದ್ದರು. ಮನೆಯಂಗಳದ ಏಳನೇ ಪಂದ್ಯ ಗೆಲ್ಲುವುದು ಈ ತಂಡಕ್ಕೆ ಗೊತ್ತಿತ್ತು ಒಂದು ಕಾಲದಲ್ಲಿ. 1961–62ರಲ್ಲಿ ಆಸ್ಕರ್ ರಾಬರ್ಟ್‌ಸನ್ ಇಡೀ ಸೀಸನ್ನಿನಲ್ಲಿ ಅಂಕ, ರೀಬೌಂಡ್, ಅಸಿಸ್ಟ್ ಮೂರರಲ್ಲೂ ಸರಾಸರಿ ಎರಡಂಕಿ ತಂದದ್ದು, 1972–73ರಲ್ಲಿ ಟೈನಿ ಆರ್ಚಿಬಾಲ್ಡ್ ಅಂಕದಲ್ಲೂ ಅಸಿಸ್ಟ್‌ನಲ್ಲೂ ಒಂದೇ ವರ್ಷ ಲೀಗ್‌ಗೇ ಮೊದಲಿಗನಾದದ್ದು, ಎರಡೂ ಈ ತಂಡದ ಲೆಕ್ಕದಲ್ಲೇ ಇವೆ.

ನಮ್ಮ ಈಗಿನ ಅರೀನಾ ಗೋಲ್ಡನ್ 1 ಸೆಂಟರಿನಲ್ಲಿ ಈ ಸಲ ಕೂತಾಗ ಕತ್ತೆತ್ತಿ ನೋಡಿ. ಮೇಲೆ ತೂಗುಬಿಟ್ಟಿರುವ ನಿವೃತ್ತ ಜೆರ್ಸಿಗಳಲ್ಲಿ 12 ಮತ್ತು 27 ಇವೆ. 12 ಮೊರಿಸ್ ಸ್ಟೋಕ್ಸ್‌ನದು. 1958ರ ಮಾರ್ಚಿನಲ್ಲಿ ಮಿನಿಯಾಪೊಲಿಸ್‌ನ ಪಂದ್ಯದಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಎಚ್ಚರ ಬಂದ ಮೇಲೆ ಎದ್ದು ಮತ್ತೆ ಆಡಿದ. ಮೂರು ದಿನ ಕಳೆದು ಡೆಟ್ರಾಯಿಟ್‌ನಲ್ಲಿ ಪ್ಲೇಆಫ್ ಪಂದ್ಯ ಆಡಿ ವಿಮಾನದಲ್ಲಿ ಮರಳುವಾಗ ಕುಸಿದ, ಮೈಯೆಲ್ಲ ಲಕ್ವ ಹೊಡೆಯಿತು. ಅವನಿಗಾಗ ಇಪ್ಪತ್ತನಾಲ್ಕು ವರ್ಷ. ಆಸ್ಪತ್ರೆಯ ಬಿಲ್ ಕಟ್ಟಲು ಅವನದೇ ಬ್ಯಾಂಕಿನ ದುಡ್ಡು ತೆಗೆಯಲು ಕೂಡ ಯಾರಾದರೂ ಕಾನೂನು ಪ್ರಕಾರ ಪೋಷಕರಾಗಬೇಕಿತ್ತು. ಆದವನು ಜೊತೆ ಆಟಗಾರ ಜ್ಯಾಕ್ ಟ್ವೈಮನ್, ಅವನದೇ 27. ಸ್ಟೋಕ್ಸ್ ಕಪ್ಪುವರ್ಣೀಯ, ಟ್ವೈಮನ್ ಬಿಳಿಯ, ಅದೂ ಐವತ್ತರ ದಶಕದ ಅಮೆರಿಕ. 1970ರಲ್ಲಿ ಸ್ಟೋಕ್ಸ್ ತೀರಿಕೊಳ್ಳುವವರೆಗೂ ಟ್ವೈಮನ್ ಆ ಹೊಣೆ ಬಿಡಲಿಲ್ಲ. ಖರ್ಚಿಗೆ ಹಣ ಕೂಡಿಸಲು ವರ್ಷ ವರ್ಷ ದೊಡ್ಡ ಆಟಗಾರರನ್ನು ಸೇರಿಸಿ ಪ್ರದರ್ಶನ ಪಂದ್ಯ ಆಡಿಸಿದ. ಲೀಗ್ ಈಗ ಕೊಡುವ ಅತ್ಯುತ್ತಮ ಸಹ ಆಟಗಾರ ಪ್ರಶಸ್ತಿಗೆ ಇವರಿಬ್ಬರದೇ ಹೆಸರು. ನಮ್ಮ ಮಕ್ಕಳಿಗೆ 2002ರ ಆರನೇ ಪಂದ್ಯದ ಡಿಕ್ ಬವೆಟಾ ಎಂಬ ರೆಫರಿಯ ಹೆಸರು ಗೊತ್ತು, ಟ್ವೈಮನ್ ಯಾರೆಂದು ಗೊತ್ತಿಲ್ಲ.

ಅಲ್ಲೇ ಇನ್ನೊಂದು ಜೆರ್ಸಿ ಇದೆ, ಅಂಕೆ 6. ಅದು ನಿಮ್ಮದು. ಅಂಗಳದಲ್ಲಿ ಐವರು, ಆರನೆಯವರು ಪ್ರೇಕ್ಷಕರು ಎಂದು ತಂಡವೇ ಆ ಅಂಕೆಯನ್ನು ಜನರಿಗೆ ಬಿಟ್ಟುಕೊಟ್ಟಿದೆ. ಪುಕ್ಕಟೆ ಸಿಕ್ಕ ಗೌರವ ಅಲ್ಲ. 1990–91ರಲ್ಲಿ ಹೊರಗಿನ ಊರುಗಳಲ್ಲಿ ಆಡಿದ 41ರಲ್ಲಿ ಗೆದ್ದದ್ದು ಒಂದೇ ಒಂದು, ಆದರೂ ಇಲ್ಲಿನ ಜನ ಸೀಟು ಖಾಲಿ ಬಿಡಲಿಲ್ಲ. 2011ರಲ್ಲಿ ಆಗಿನ ಮಾಲೀಕರಾದ ಮಲೂಫ್ ಸೋದರರು ತಂಡವನ್ನು ಅನಹೈಮ್‌ಗೆ ಒಯ್ಯಲು ನೋಡಿದರು, 2013ರಲ್ಲಿ ಸಿಯಾಟಲ್‌ನವರಿಗೆ ಮಾರಲು ಒಪ್ಪಂದವನ್ನೇ ಮಾಡಿಕೊಂಡರು. ಮೇಯರ್ ಕೆವಿನ್ ಜಾನ್ಸನ್, ತಾನೂ ಹಿಂದೆ ಎನ್‌ಬಿಎ ಆಡಿದವನು, ಓಡಾಡಿ ಹೊಸ ಖರೀದಿದಾರರನ್ನು ಹಿಡಿದು ತಂದ. ಲೀಗ್‌ನ ತಂಡಗಳ ಮಾಲೀಕರು 22–8 ಮತದಿಂದ ಸ್ಥಳಾಂತರ ಬೇಡವೆಂದರು. 53.4 ಕೋಟಿ ಡಾಲರ್ ಬೆಲೆ ಕಟ್ಟಿ ರಣದಿವೆ ಬಳಗ ಕೊಂಡಿತು. ನಗರಸಭೆ ಹೊಸ ಅರೀನಾಕ್ಕೆ 25 ಕೋಟಿ ಡಾಲರಿಗೂ ಮೀರಿ ಸಾರ್ವಜನಿಕರ ಹಣ ಹಾಕಿತು. ಇದು ಸರಿಯೇ ಎಂದು ಆಗಲೂ ಕೇಳಿದವರಿದ್ದರು. ಈಗಲೂ ಕೇಳುವುದು ತಪ್ಪಲ್ಲ.

ಈ ಸಂಭ್ರಮದ ಪಕ್ಕದಲ್ಲೇ ಸಿಯಾಟಲ್‌ನವರನ್ನೂ ನೆನೆಯಿರಿ. 2008ರಲ್ಲಿ ಅವರ ಸೂಪರ್‌ಸಾನಿಕ್ಸ್ ಒಕ್ಲಹಾಮಾಕ್ಕೆ ಹೋಯಿತು, 2013ರಲ್ಲಿ ನಮ್ಮ ತಂಡವಾದರೂ ಬರುತ್ತದೆಂದು ಕಾದು ಕೂತರು, ಅದೂ ಬರಲಿಲ್ಲ. ಕ್ಯಾನ್ಸಸ್ ಸಿಟಿಯವರಿಗೆ ನಾವೇ ಅನಹೈಮ್. ಅವರ ಊರಿನಿಂದ ತಂಡ ಹೊರಟಾಗ ಇಲ್ಲಿ ಹಬ್ಬವಾಯಿತು. ಅನ್ಯಾಯದ ಖಾತೆ ತೆರೆಯುವವರು ಜಮೆಯ ಪುಟವನ್ನೂ ಬರೆಯಬೇಕು.

ಈಗ ತಂಡ ಮತ್ತೆ ಕೆಳಗೆ ಬಂದಿದೆ. ಬ್ರೌನ್‌ನನ್ನು 2024ರ ಡಿಸೆಂಬರಿನಲ್ಲಿ ಕಳಿಸಿದರು, ಮರುವರ್ಷ ಫೆಬ್ರವರಿಯಲ್ಲಿ ಫಾಕ್ಸ್ ಸ್ಯಾನ್ ಆಂಟೋನಿಯೊಗೆ ಹೋದ. ಇಂಥ ಹೊತ್ತಿನಲ್ಲೇ ಹಳೆಯ ದೂರು ಹೆಚ್ಚು ಹಿತವಾಗಿ ಕಾಣುವುದು, ಅದು ನನಗೂ ಅರ್ಥವಾಗುತ್ತದೆ. ಆದರೆ ಮುಂದಿನ ಸಲ ಸೇರಿದಾಗ ಈ ಒಂದು ವಿಷಯ ಮೊದಲು ಎತ್ತಿಕೊಳ್ಳೋಣ: 2023ರ ಏಳನೇ ಪಂದ್ಯದ ಮೂರನೇ ಕ್ವಾರ್ಟರಿನಲ್ಲಿ ಲೂನಿ ಹಾಗೆ ಚೆಂಡು ಹೆಕ್ಕುತ್ತಿರುವಾಗ ಏಳಡಿಯ ಅಲೆಕ್ಸ್ ಲೆನ್‌ನನ್ನು ಸಬೋನಿಸ್ ಪಕ್ಕದಲ್ಲೇ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಓಟದ ವೇಗ ಕಡಿಮೆಯಾಗುತ್ತಿತ್ತು, ಕರಿಯ ಬೆನ್ನು ಹತ್ತಲು ಒಬ್ಬ ಕಡಿಮೆಯಾಗುತ್ತಿದ್ದ ಎನ್ನುತ್ತೀರಿ. ಗೊತ್ತು. ಆದರೂ ನಿಲ್ಲಿಸಬೇಕಿತ್ತು ಎಂಬುದು ನನ್ನ ವಾದ. ಅಲ್ಲ ಎನ್ನುವವರು ಬನ್ನಿ, ಫ್ರೀಮಾಂಟಿನ ಭಾವಮೈದುನನನ್ನೂ ಕರೆಸುತ್ತೇನೆ.

ಇಂತಿ,
ನಿಮ್ಮವನೇ ಒಬ್ಬ, ಫೋಲ್ಸಮ್